ಕುಳಿತಲ್ಲೇ ಒಂಬತ್ತು ಸಾವಿರ ಹೆಜ್ಜೆ

ಹನ್ನೊಂದು ಗಂಟೆಯ ಮೀಟಿಂಗು ಇನ್ನೂ ಅರ್ಧದಲ್ಲಿತ್ತು, ಅಷ್ಟರಲ್ಲೇ ಶೇಷಾದ್ರಿಯ ಬಲ ಮಣಿಕಟ್ಟು ಜುಂ ಎಂದು ನಡುಗಿತು. ಗಡಿಯಾರದ ಪುಟ್ಟ ಪರದೆಯ ಮೇಲೆ ಬಣ್ಣದ ಚೂರುಗಳು ಹಾರಾಡಿ, ಐದು ಸಾವಿರ ಹೆಜ್ಜೆ ಮುಗಿಸಿದ್ದಕ್ಕೆ ಶಾಭಾಸ್‌ಗಿರಿ ಮೂಡಿ ಮಾಯವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಈ ಕುರ್ಚಿಗೆ ಬಂದವನು ಒಮ್ಮೆ ಬಾತ್‌ರೂಮಿಗೆ ಹೋಗಿ ಬಂದದ್ದು ಬಿಟ್ಟರೆ ಎದ್ದೇ ಇರಲಿಲ್ಲ. ಕ್ಯಾಮೆರಾ ಆಫ್, ಮೈಕು ಮ್ಯೂಟ್. ಒಂದು ಕಿವಿಯಲ್ಲಿ ಮ್ಯಾನೇಜರನ ದನಿ, ಇನ್ನೊಂದು ಕಿವಿಯಲ್ಲಿ ಯಾವುದೋ ಹಳೆಯ ಸಂಗೀತ ಕಛೇರಿಯ ಕಲ್ಯಾಣಿ ರಾಗ, ತೊಡೆಯ ಮೇಲೆ ಬಲಗೈ ತನ್ನ ಪಾಡಿಗೆ ತಾಳ ಹಾಕುತ್ತಿತ್ತು. ಆ ತಾಳದ ಒಂದೊಂದು ಏಟನ್ನೂ ಗಡಿಯಾರ ಒಂದೊಂದು ಹೆಜ್ಜೆಯೆಂದು ನಂಬಿ ಬರೆದುಕೊಳ್ಳುತ್ತಿತ್ತು. ಆರು ತಿಂಗಳಿಂದ ನಡೆದುಬಂದ ಏರ್ಪಾಡು ಇದು. ಇವತ್ತು ಮಾತ್ರ ಆ ಶಾಭಾಸ್‌ಗಿರಿ ಕಂಡು ಅವನು ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡ. ಬೆಳಿಗ್ಗೆ ಒಂಬತ್ತಕ್ಕೆ ಫಾರ್ಮಸಿಯಿಂದ ಮೆಸೇಜ್ ಬಂದಿತ್ತು. ವಿಮೆಯ ಒಪ್ಪಿಗೆ ಬಂತು, ನಿಮ್ಮ ಇನ್ಸುಲಿನ್ ಸಿದ್ಧವಾಗಿದೆ, ಬಂದು ಒಯ್ಯಬಹುದು. ಸಂಜೆ ಐದಕ್ಕೆ ತಾನೇ ಹೋಗಿ ತರುವುದಾಗಿ ಹೆಂಡತಿ ಉಷಾ ಹೇಳಿದ್ದಳು.

ಇದಕ್ಕೆಲ್ಲ ಮೂಲ ಮಗಳು ನಿಧಿ ಎಂದು ಅವನು ತನಗೆ ತಾನೇ ಹೇಳಿಕೊಳ್ಳುವುದಿತ್ತು. ಅದು ಶುದ್ಧ ಅನ್ಯಾಯವೆಂಬುದೂ ಗೊತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ಸಕ್ಕರೆ ಕಾಯಿಲೆ ಗೊತ್ತಾಗಿ, ಡಾಕ್ಟರು ಮಾತ್ರೆ ಕೊಟ್ಟು, ದಿನಾ ಎಂಟು ಸಾವಿರ ಹೆಜ್ಜೆ ನಡೆಯಲು ಹೇಳಿದಾಗ, ಅಟ್ಲಾಂಟಾದಲ್ಲಿ ಕೆಲಸ ಮಾಡುವ ಆ ಹುಡುಗಿ ಗಡಿಯಾರ ಕಳಿಸಿದಳು. ಅಪ್ಪನ ಹೆಜ್ಜೆಗಳು ತನ್ನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಕಾಣುವಂತೆ ಜೋಡಿಸಿಯೂ ಕೊಟ್ಟಳು. ಅವನು ಮೂರು ದಿನ ನಡೆದದ್ದೂ ನಿಜ. ಅಮೆರಿಕದ ಕ್ಯಾರಿ ಎಂಬ ಊರಿನ ಈ ಬಡಾವಣೆಯಲ್ಲಿ ಹನ್ನೆರಡು ವರ್ಷದಿಂದ ಇದ್ದರೂ ಬೀದಿಗಳನ್ನು ಅವನು ಕಾರಿನ ಗಾಜಿನಿಂದಷ್ಟೇ ನೋಡಿದವನು. ಮನೆಯಿಂದ ಕೆರೆಗೆ ಹೋಗುವ ರಸ್ತೆಯಲ್ಲಿ ಏರು ಇದೆಯೆಂದು ಕಾರು ಅವನಿಗೆ ಒಂದು ದಿನವೂ ಹೇಳಿರಲಿಲ್ಲ. ಮೂರನೆಯ ದಿನ ಆ ಏರಿನ ನಡುವೆ ಎದೆ ಡವಗುಟ್ಟಿ ಅವನು ರಸ್ತೆಯಂಚಿನ ಸಿಮೆಂಟು ಕಟ್ಟೆಯ ಮೇಲೆ ಕುಳಿತುಬಿಟ್ಟ. ಒಂದು ಕಾರು ನಿಧಾನವಾಯಿತು, ಗಾಜು ಇಳಿಯಿತು, ಬಿಳಿ ತಲೆಯ ಹೆಂಗಸೊಬ್ಬಳು ನೀವು ಚೆನ್ನಾಗಿದ್ದೀರಾ, ಯಾರಿಗಾದರೂ ಫೋನ್ ಮಾಡಲೇ, ನಿಮ್ಮ ಮನೆ ಎಲ್ಲಿದೆ ಗೊತ್ತೇ ಎಂದು ಒಂದೊಂದೇ ಪದ ಬಿಡಿಸಿ, ಸಣ್ಣ ಮಗುವನ್ನು ಕೇಳುವಂತೆ ಕೇಳಿದಳು. ಮನೆ ಅಲ್ಲಿಂದ ಒಂಬತ್ತನೆಯದು. ಅದನ್ನು ಬೆರಳು ತೋರಿಸಿ ಹೇಳುವಷ್ಟು ಉಸಿರೂ ಅವನಲ್ಲಿರಲಿಲ್ಲ. ಅವಳಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಾಗಾಗಿಯೇ ಅವಳನ್ನು ಬೈದುಕೊಳ್ಳಲೂ ಆಗದೆ ಆ ಅವಮಾನ ಅವನೊಳಗೇ ಉಳಿಯಿತು. ಮಾರನೆಯ ದಿನದಿಂದ ಅವನು ಹೊರಗೆ ಹೋಗಲಿಲ್ಲ.

ಆ ವಾರವೇ ಒಂದು ಸಂಜೆ ಸೋಫಾದ ಮೇಲೆ ಕುಳಿತು ಪಲ್ಲವಿ ಕೇಳುತ್ತಿದ್ದಾಗ, ಎಡಗೈಯಲ್ಲಿದ್ದ ಗಡಿಯಾರ ತುರಿಸತೊಡಗಿತೆಂದು ಬಿಚ್ಚಿ ಬಲಗೈಗೆ ಕಟ್ಟಿದ. ತಾಳ ಹಾಕುತ್ತ ಕೇಳಿ ಮುಗಿಸಿ ನೋಡಿದರೆ ಸಾವಿರದ ಇನ್ನೂರು ಹೆಜ್ಜೆ. ಮೊದಲು ನಗು ಬಂತು, ಉಷಾಳನ್ನು ಕೂಗಿ ತೋರಿಸಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳೇ ಕೂಗಿದಳು: “ರೀ, ನಿಧಿ ಮೆಸೇಜ್ ಮಾಡಿದಾಳೆ, ವಾವ್ ಅಪ್ಪ ಅಂತ. ಯಾವಾಗ ಹೋಗಿ ನಡೆದು ಬಂದ್ರಿ?” ತೆರೆದ ಬಾಯಿಂದ “ಈಗ್ಲೇ, ಹಿಂದ್ಗಡೆ ಬಾಗ್ಲಿಂದ ಹೋಗಿದ್ದೆ” ಎಂಬ ಮಾತು ಬಂತು. ಆ ಮಾತನ್ನು ತಾನು ಆಡಿದ್ದಕ್ಕಿಂತ ಹೆಚ್ಚಾಗಿ ಮರುದಿನ ಬೆಳಿಗ್ಗೆ, ಯಾವ ತುರಿಕೆಯೂ ಇಲ್ಲದಿದ್ದಾಗ, ಗಡಿಯಾರವನ್ನು ಮತ್ತೆ ಬಲಗೈಗೇ ಕಟ್ಟಿಕೊಂಡದ್ದು ಅವನನ್ನು ಈಗಲೂ ಚುಚ್ಚುತ್ತದೆ. ಬಾಯಿ ತಪ್ಪಿ ಆಡಿದ್ದು ಎಂದು ಮೊದಲನೆಯದಕ್ಕೆ ಹೇಳಬಹುದು. ಎರಡನೆಯದಕ್ಕೆ ಏನು ಹೇಳುವುದು? ಆದಿತಾಳದ ಬೆರಳೆಣಿಕೆಯನ್ನು ಗಡಿಯಾರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಬೇಗ ತಿಳಿಯಿತು. ಹೀಗಾಗಿ ಬೆರಳುಗಳನ್ನು ಬಿಟ್ಟು ಎಲ್ಲವನ್ನೂ ಏಟೇ ಮಾಡಿದ. ಸಂಗೀತ ಸಭೆಯಲ್ಲಿ ಪಕ್ಕದವರು ತಾಳ ತಪ್ಪಿದರೆ ಮುಖ ಸಿಂಡರಿಸುತ್ತಿದ್ದ ಶೇಷಾದ್ರಿ, ಈಗ ವಿಳಂಬ ಕಾಲದ ಕೀರ್ತನೆಗೂ ಮದುವೆ ಓಲಗದವನ ಹಾಗೆ ತೊಡೆ ಬಡಿಯುತ್ತಿದ್ದ. ಯಾವಾಗ ನಡೆದದ್ದೆಂದು ಉಷಾ ಕೇಳಿದರೆ, ನೀನು ಹೊರಗೆ ಹೋಗಿದ್ದಾಗ ಎನ್ನುತ್ತಿದ್ದ. ಡಾಕ್ಟರು ಹೇಳಿದ್ದು ಎಂಟು ಸಾವಿರವಾದರೆ ಇವನು ಒಂಬತ್ತು ಸಾವಿರ ಕೊಟ್ಟ. ಸುಳ್ಳಿನಲ್ಲಿ ಜಿಪುಣತನ ಮಾಡಬಾರದೆನ್ನಿಸಿರಬೇಕು.

ಅಲ್ಲಿಗೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಉಷಾಳಿಗೆ ಗಂಡನ ಬಗ್ಗೆ ಹೇಳಿಕೊಳ್ಳಲು ಬಹಳ ವರ್ಷಗಳ ಮೇಲೆ ಒಂದು ವಿಷಯ ಸಿಕ್ಕಿತ್ತು. ಅವಳು ಅಂಗಡಿಯಲ್ಲಿ, ಸತ್ಸಂಗದಲ್ಲಿ, ಫೋನಿನಲ್ಲಿ ಹೇಳಿದಳು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಆರೋಗ್ಯದ ಬಗ್ಗೆ ಯಾರಾದರೂ ಹತ್ತು ನಿಮಿಷ ಮಾತಾಡಬೇಕೆಂದಾಗ ಕಾರ್ಯದರ್ಶಿ ರವಿಶಂಕರ್ ನೇರ ಇವನಿಗೇ ಫೋನ್ ಮಾಡಿದ. ಹೈಸ್ಕೂಲಿನ ಕೆಫೆಟೀರಿಯಾದಲ್ಲಿ ಒಬ್ಬಟ್ಟಿಗೆ ಕಾದಿದ್ದ ಇನ್ನೂರು ಜನರ ಮುಂದೆ ಶೇಷಾದ್ರಿ ಮೈಕ್ ಹಿಡಿದು, ದಿನವಿಡೀ ಕೂರುವವರ ಕಾಲಿನ ಸ್ನಾಯುಗಳು ಹೇಗೆ ಮಂಕಾಗುತ್ತವೆ, ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ರಕ್ತದ ಸಕ್ಕರೆಯನ್ನು ಆ ಸ್ನಾಯುಗಳು ಹೇಗೆ ಬಳಸಿಕೊಳ್ಳುತ್ತವೆ, ಬಿಪಿ, ನಿದ್ದೆ, ಮನಸ್ಸು ಎಲ್ಲವೂ ಹೇಗೆ ಹದಕ್ಕೆ ಬರುತ್ತವೆ ಎಂದು ಹೇಳಿದ. ಎಲ್ಲವೂ ಓದಿಕೊಂಡದ್ದು, ಎಲ್ಲವೂ ನಿಜ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ವೇದಿಕೆಯ ಮೂರು ಮೆಟ್ಟಿಲು ಇಳಿದು ಅವನು ಸ್ವಲ್ಪ ಹೊತ್ತು ಪರದೆಯ ಹಿಂದೆ ನಿಂತ. ಭಾವುಕನಾಗಿದ್ದಾನೆಂದು ಜನ ತಿಳಿದರು, ಅವನು ಉಸಿರು ಸುಧಾರಿಸಿಕೊಳ್ಳುತ್ತಿದ್ದ.

ಮೂರು ವಾರದ ಹಿಂದೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಏಳು ಪಾಯಿಂಟ್ ಎರಡು ಇದ್ದದ್ದು ಎಂಟು ಪಾಯಿಂಟ್ ಒಂದಕ್ಕೆ ಏರಿತ್ತು. ಡಾಕ್ಟರ್ ಹಾಲಿಸ್ ಬಹಳ ಒಳ್ಳೆಯ ಹೆಂಗಸು. ಫೋನಿನಲ್ಲಿದ್ದ ಹೆಜ್ಜೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ನೀವು ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದೀರಿ, ತಪ್ಪು ನಿಮ್ಮದಲ್ಲ, ಇಷ್ಟು ನಡೆದೂ ಏರುತ್ತಿದೆಯೆಂದರೆ ದೇಹಕ್ಕೇ ಇನ್ಸುಲಿನ್ ಸಾಲುತ್ತಿಲ್ಲವೇನೋ, ಚುಚ್ಚುಮದ್ದು ಶುರುಮಾಡೋಣ ಎಂದಳು. ತಪ್ಪು ನಿಮ್ಮದಲ್ಲ ಎಂಬ ಮಾತು ಬಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದ ಉಷಾ ತಲೆ ತಗ್ಗಿಸಿದ್ದನ್ನು ಅವನು ನೋಡಿದ್ದ. ಆ ರಾತ್ರಿಯಿಂದ ಮನೆಯಲ್ಲಿ ಅನ್ನ ನಿಂತಿತು, ಅವನಿಗೂ ಅವಳಿಗೂ.

“ರೀ, ಊಟಕ್ಕೆ ಬನ್ನಿ” ಎಂದು ಉಷಾ ಕೂಗಿದಾಗ ಮೀಟಿಂಗು ಯಾವಾಗ ಮುಗಿಯಿತೆಂದೇ ಅವನಿಗೆ ತಿಳಿದಿರಲಿಲ್ಲ. ತಟ್ಟೆಯಲ್ಲಿ ನವಣೆಯ ಏನೋ ಒಂದು, ಪಕ್ಕದಲ್ಲಿ ಒಗ್ಗರಣೆಗೆ ಎಣ್ಣೆಯನ್ನು ತೋರಿಸಿ ತೆಗೆದಂಥ ಪಲ್ಯ. ಅವಳು ಕೂರದೆ ಕೌಂಟರಿಗೆ ಒರಗಿ ನಿಂತು ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಇತ್ತೀಚೆಗೆ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು.

“ನೀನೂ ಕೂತ್ಕೋ.”

“ನನ್ದಾಯ್ತು. ಸಪ್ಪೆ ಅನ್ನಿಸ್ತಿದ್ಯಾ?”

“ಇಲ್ಲ, ಚೆನ್ನಾಗಿದೆ.”

“ಸುಳ್ಳು ಹೇಳ್ಬೇಡಿ” ಎಂದಳು ಅವಳು. ಅವನ ಕೈ ತಟ್ಟೆಯಲ್ಲೇ ನಿಂತಿತು. ಅವಳು ಮಾತ್ರ ಪಲ್ಯದ ಬಗ್ಗೆಯೇ ಹೇಳಿದ್ದಳು. ಮುಂದುವರಿಸಿದಳು: “ಇನ್ಸುಲಿನ್ ಹೇಗೆ ಹಾಕೋದು ಅಂತ ವಿಡಿಯೋ ನೋಡಿದೀನಿ. ಹೊಟ್ಟೆ ಹತ್ರ, ಪಿಂಚ್ ಮಾಡಿ. ನೀವು ಹೆದರ್ಕೋಬೇಡಿ, ನಾನೇ ಹಾಕ್ತೀನಿ.” ಕ್ಲಿನಿಕ್ಕಿನವರು ಕೊಟ್ಟ ಖಾಲಿ ಸಿರಿಂಜಿನಿಂದ ಅವಳು ಕಿತ್ತಳೆ ಹಣ್ಣಿನ ಮೇಲೆ ಎರಡು ಸಲ ಅಭ್ಯಾಸ ಮಾಡಿದ್ದಳಂತೆ. ಈಗ ಹೇಳಿಬಿಡಬೇಕು, ಈಗಲೇ, ಎಂದು ಅವನು ನೀರು ಕುಡಿದ. ನೀರು ಮುಗಿಯಿತು. ಅವಳು ಲೋಟ ತೆಗೆದುಕೊಂಡು ಹೋದಳು.

ನಾಲ್ಕು ಗಂಟೆಗೆ ಬಾಗಿಲ ಗಂಟೆ ಬಾರಿಸಿದವನು ಸತ್ತಾರ್. ಮೂರು ಮನೆ ಆಚೆಯವನು, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವನು, ಇವನಿಗಿಂತ ಏಳೆಂಟು ವರ್ಷ ಚಿಕ್ಕವನು. ಯುಗಾದಿಯ ಭಾಷಣ ಕೇಳಿ ಮಾರನೆಯ ದಿನವೇ ಹೊಸ ಶೂ ಕೊಂಡು ನಡೆಯಲು ಶುರುಮಾಡಿದ್ದ. ಸಂಜೆ ಅವನು ಬೀದಿಯಲ್ಲಿ ಹಾದುಹೋಗುವುದನ್ನು ಶೇಷಾದ್ರಿ ಮೇಲಿನ ಕಿಟಕಿಯ ಪರದೆಯ ಸಂದಿನಿಂದ ಕಂಡು, ಕಳ್ಳನ ಹಾಗೆ ಹಿಂದೆ ಸರಿಯುತ್ತಿದ್ದ.

“ಸಾರ್, ಇವತ್ತು ನೀವು ಬರ್ಲೇಬೇಕು” ಎಂದ ಸತ್ತಾರ್. ಮುಖವೆಲ್ಲ ನಗು. “ಡಾಕ್ಟರ್ ಹತ್ರದಿಂದ ಸೀದಾ ಬರ್ತಿದೀನಿ. ನನ್ ಬಿಪಿ ನೂರ ಐವತ್ತೆಂಟು ಇದ್ದಿದ್ದು ನೂರ ಮೂವತ್ನಾಲ್ಕು! ಎಲ್ಲಾ ನಿಮ್ಮಿಂದ್ಲೇ. ಒಂದ್ ರೌಂಡ್ ನಿಮ್ ಜೊತೆ ಹೊಡೀಬೇಕು, ಅಷ್ಟೇ ಆಸೆ.”

“ಹೋಗ್ಬನ್ನಿ” ಎಂದು ಉಷಾ ಒಳಗಿನಿಂದ ಶೂ ತಂದಿಟ್ಟಳು. ಅಟ್ಟೆಯಲ್ಲಿ ಒಂದು ಗೀರೂ ಇಲ್ಲದ ಶೂ. ಅವಳು ನೋಡಲಿಲ್ಲ, ಅಥವಾ ನೋಡಿದ್ದು ಅವಳಿಗೆ ಹೊಳೆಯಲಿಲ್ಲ.

ಹೊರಗೆ ಏಪ್ರಿಲ್ಲಿನ ಹಳದಿ ಪರಾಗ ಕಾರುಗಳ ಮೇಲೆ, ಅಂಚೆಪೆಟ್ಟಿಗೆಗಳ ಮೇಲೆ ಅರಿಸಿನ ಚೆಲ್ಲಿದಂತೆ ಕೂತಿತ್ತು. ಸತ್ತಾರನ ಕಾಲು ಚುರುಕಾಗಿತ್ತು, ಬಾಯಿ ಅದಕ್ಕಿಂತ ಚುರುಕು. ಶೇಷಾದ್ರಿ ಮೊದಲ ನಾಲ್ಕು ಮನೆಗಳವರೆಗೆ ಹೂಂ ಎಂದ, ಐದನೆಯದರಿಂದ ತಲೆಯಾಡಿಸಿದ, ಏರು ಶುರುವಾದ ಮೇಲೆ ತಲೆಯನ್ನೂ ನಿಲ್ಲಿಸಿದ. ಮಾತು ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಕಿವಿಯೊಳಗೆ ತನ್ನದೇ ರಕ್ತದ ಸದ್ದು. ಈ ಮನುಷ್ಯನ ಎದುರು ಬೀಳಬಾರದು, ಇವನ ಬಿಪಿ ಇಳಿಸಿದ ಗುರು ನಾನು, ಬಿದ್ದರೆ ಅವನ ಬಿಪಿಯ ಗತಿಯೇನು ಎಂಬ ಹುಚ್ಚು ಯೋಚನೆ. ಅಷ್ಟರಲ್ಲಿ ಸತ್ತಾರ್ ದನಿ ತಗ್ಗಿಸಿ ಹೇಳಿದ ಮಾತು ಮಾತ್ರ ಸ್ಪಷ್ಟವಾಗಿ ಒಳಗೆ ಹೋಯಿತು.

“ನಿಮ್ಗೆ ಹೇಳ್ಬಾರ್ದೋ ಏನೋ ಸಾರ್. ಹೋದ್ವಾರ ಉಷಾ ಅಕ್ಕ ನಮ್ಮನೆಗೆ ಒಂದ್ ಇಡೀ ಚೀಲ ಸೋನಾ ಮಸೂರಿ ತಂದ್ಕೊಟ್ರು. ನನ್ ಹೆಂಡ್ತಿ ಅಖ್ತರ್ ಮುಂದೆ ಕೂತು, ‘ನನ್ ಕೈಯಾರೆ ಅವ್ರಿಗೆ ವಿಷ ಬಡಿಸ್ದೆ, ಅವ್ರು ಪಾಪ ಅಷ್ಟ್ ನಡೀತಾರೆ, ನನ್ ಅಡ್ಗೇನೇ ಅವ್ರನ್ನ ಹಾಳ್ ಮಾಡ್ತು’ ಅಂತ ಅತ್ತೇಬಿಟ್ರಂತೆ.”

ಶೇಷಾದ್ರಿ ಕುಳಿತ. ಯಾರ ಹುಲ್ಲುಹಾಸೋ, ಯಾರ ಅಂಚೆಪೆಟ್ಟಿಗೆಯ ಬುಡವೋ, ನೋಡಲಿಲ್ಲ. ಸತ್ತಾರ್ ಗಾಬರಿಯಾಗಿ ಫೋನ್ ತೆಗೆದು ಆಂಬುಲೆನ್ಸಿಗೆ ನೈನ್ ಒನ್ ಒನ್ ಒತ್ತಲು ಹೋದಾಗ ಅವನ ಕೈ ಹಿಡಿದು ಎಳೆದ. ಎದೆನೋವಿಲ್ಲ, ಎಂದು ಸನ್ನೆ ಮಾಡಿದ. ಉಸಿರು ತಹಬಂದಿಗೆ ಬರುವವರೆಗೂ ಇಬ್ಬರೂ ಹುಲ್ಲಿನ ಮೇಲೆ ಕೂತಿದ್ದರು. ಬಂದ ಮೇಲೆ, ಅದು ಮತ್ತೆ ಹೋಗುವುದರೊಳಗೆ ಎಂಬಂತೆ, ಅವನು ಹೇಳಿಬಿಟ್ಟ. ಗಡಿಯಾರ, ಬಲಗೈ, ತಾಳ, ಭಾಷಣ, ಇವತ್ತು ತರಬೇಕಾದ ಇನ್ಸುಲಿನ್, ಎಲ್ಲ. ಹೇಳುತ್ತ ಸತ್ತಾರನ ಮುಖ ನೋಡಲಿಲ್ಲ, ಅವನ ಹೊಸ ಶೂಗಳನ್ನು ನೋಡುತ್ತಿದ್ದ. ಅವು ಒಂದು ತಿಂಗಳಲ್ಲಿ ಚೆನ್ನಾಗಿ ಸವೆದಿದ್ದವು.

ಸತ್ತಾರ್ ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತತೊಡಗಿದ. ಅಷ್ಟರಲ್ಲಿ ಶೇಷಾದ್ರಿ ಮನಸ್ಸಿನಲ್ಲೇ ಯುಗಾದಿಯ ಶಾಲನ್ನು ಇನ್ನೂರು ಸಲ ವಾಪಸು ಕೊಟ್ಟ. ಕೊನೆಗೆ ಸತ್ತಾರ್, “ಅಂದ್ರೆ ನೀವು ಒಂದಿನಾನೂ ನಡೀಲೇ ಇಲ್ವಾ?” ಎಂದ.

“ಮೂರ್ ದಿನ ನಡೆದೆ.”

“ನಾನು ಮಾತ್ರ ನಿಜ್ವಾಗ್ಲೂ ನಡೆದ್ಬಿಟ್ನಲ್ಲ ಸಾರ್!” ಎಂದು ಸತ್ತಾರ್ ತನ್ನ ಮೊಣಕಾಲಿಗೆ ಹೊಡೆದುಕೊಂಡ. ಮೊದಲು ಸ್ವಲ್ಪ ಬೇಜಾರು ಇತ್ತು ಆ ದನಿಯಲ್ಲಿ, ಅದನ್ನು ಅವನು ಮುಚ್ಚಿಡಲಿಲ್ಲ. ಆಮೇಲೆ ನಗು ಬಂತು. “ನಂಗೇನ್ ನಷ್ಟ ಆಗ್ಲಿಲ್ಲ ಬಿಡಿ. ನೀವ್ ಹೇಳಿದ್ದೇನ್ ಸುಳ್ಳಲ್ವಲ್ಲ, ಬಿಪಿ ಇಳೀತಲ್ಲ. ಆದ್ರೆ ಅಕ್ಕಂಗೆ ಇವತ್ತೇ ಹೇಳ್ಬೇಕು ಸಾರ್. ಆ ಇಂಜೆಕ್ಷನ್ ಮನೆಗೆ ಬರೋಕ್ ಮುಂಚೆ. ಏಳಿ, ನಿಧಾನಕ್ಕೆ ಹೋಗೋಣ. ಇಳಿಜಾರು, ಕಷ್ಟ ಇಲ್ಲ.”

ಉಷಾ ಕಾರಿನ ಕೀಲಿ ಹಿಡಿದು ಗರಾಜಿನಲ್ಲಿ ನಿಂತಿದ್ದಳು. ಸತ್ತಾರ್ ದೂರದಲ್ಲೇ ಕೈಯೆತ್ತಿ ತನ್ನ ಮನೆ ಕಡೆ ತಿರುಗಿದ. ಶೇಷಾದ್ರಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಒಂದೂ ನೆನಪಾಗಲಿಲ್ಲ. “ಫಾರ್ಮಸಿಗೆ ಹೋಗ್ಬೇಡ. ನಾನು ನಡೀತಾ ಇರ್ಲಿಲ್ಲ. ಆರು ತಿಂಗಳಿಂದ ಒಂದು ದಿನಾನೂ ನಡೆದಿಲ್ಲ. ಕೂತ್ಕೊಂಡು ತಾಳ ಹಾಕ್ತಿದ್ದೆ, ಅದು ಹೆಜ್ಜೆ ಅಂತ ಎಣಿಸ್ತು” ಎಂದ. ಅವಳು ಕೂಗಾಡುತ್ತಾಳೆ, ಕೀಲಿ ಎಸೆಯುತ್ತಾಳೆ, ನಿಧಿಗೆ ಫೋನ್ ಮಾಡುತ್ತಾಳೆ ಎಂದು ಕಾದ. ಅವಳು ಗರಾಜಿನ ಮೂಲೆಯ ಮಡಚುವ ಕುರ್ಚಿಯನ್ನು ಬಿಡಿಸಿ ಕುಳಿತಳು.

“ಹಾಗಿದ್ರೆ ನನ್ನ ಅಡುಗೆಯಿಂದ ಅಲ್ಲ?” ಎಂದಳು.

“ಅಲ್ಲ ಉಷಾ. ನಿನ್ನ ಅಡುಗೆಯಿಂದ ಅಲ್ಲವೇ ಅಲ್ಲ. ನಾನು ಕೂತಿದ್ದರಿಂದ.”

ಅವಳು ಸೆರಗಿಲ್ಲದ ಚೂಡಿದಾರದ ತುದಿಯನ್ನೇ ಕಣ್ಣಿಗೊತ್ತಿಕೊಂಡು ಅತ್ತಳು. ಅಳು ಮುಗಿದ ಮೇಲೆಯೇ ಸಿಟ್ಟು ಬಂದದ್ದು, ಮತ್ತು ಅದು ಧಾರಾಳವಾಗಿ ಬಂತು. “ಮೂರು ವಾರ! ಮೂರು ವಾರದಿಂದ ನಾನು ನವಣೆ ತಿಂತಿದೀನಿ! ಕಿತ್ತಳೆ ಹಣ್ಣಿಗೆ ಚುಚ್ಕೊಂಡು ಕೂತಿದ್ದೆ, ಅದನ್ನೂ ಕೇಳಿಸ್ಕೊಂಡು ಸುಮ್ನಿದ್ರಿ! ಎಲ್ರ ಮುಂದೆ ನಿಮ್ಮನ್ನ ಹೊಗಳ್ಕೊಂಡು ಬಂದೆ, ನನ್ನ ಮುಖ ಎಲ್ಲಿಡ್ಲಿ?” ಅವನು ನಿಂತೇ ಕೇಳಿದ. ಪ್ರತಿ ಮಾತೂ ನ್ಯಾಯವಾಗಿತ್ತು, ಅದಕ್ಕೋ ಏನೋ, ಬೈಸಿಕೊಳ್ಳುತ್ತಿದ್ದಂತೆ ಅವನ ಭುಜಗಳು ಹಗುರಾಗುತ್ತಿದ್ದವು. ಆರು ತಿಂಗಳಲ್ಲಿ ಅವಳು ತನ್ನೊಡನೆ, ಅಂದರೆ ನಿಜವಾದ ತನ್ನೊಡನೆ, ಮಾತಾಡುತ್ತಿರುವುದು ಇದೇ ಮೊದಲೆನ್ನಿಸಿತು. ಬೈದು ಸುಸ್ತಾಗಿ ಅವಳೇ ಫೋನ್ ಅವನ ಕೈಗಿತ್ತಳು. “ಡಾಕ್ಟರ್‌ಗೆ ಹೇಳಿ. ಈಗ. ನನ್ ಮುಂದೆ.”

ಕ್ಲಿನಿಕ್ಕಿನ ನರ್ಸ್ ಕೇಳಿಸಿಕೊಂಡಳು. ಸ್ಪೀಕರಿನಲ್ಲಿ ಕೀಬೋರ್ಡಿನ ಟಕಟಕ. “ಸೋ ಮಿಸ್ಟರ್ ಶೇಷಾದ್ರಿ, ನಿಜಕ್ಕೂ ದಿನಕ್ಕೆ ಎಷ್ಟು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಐನೂರಿರಬಹುದು ಎಂದ. ಮತ್ತೆ ಟಕಟಕ. ಹೇಳಿದ್ದು ಒಳ್ಳೆಯದಾಯಿತು, ಡಾಕ್ಟರ್ ಕರೆ ಮಾಡುವವರೆಗೆ ಚುಚ್ಚುಮದ್ದು ಶುರುಮಾಡಬೇಡಿ ಎಂದಳು. ನಗಲಿಲ್ಲ, ಬೆರಗಾಗಲೂ ಇಲ್ಲ. ಅರ್ಧ ವರ್ಷ ಅವನನ್ನು ಹಗಲೂ ಇರುಳೂ ಹಿಂಡಿದ ಗುಟ್ಟು ನಾಲ್ಕು ಸೆಕೆಂಡಿನ ಟೈಪಿಂಗಿನಲ್ಲಿ ಮುಗಿದುಹೋಗಿತ್ತು. ಆರು ಗಂಟೆಗೆ ಹಾಲಿಸ್ ತಾನೇ ಫೋನ್ ಮಾಡಿದಳು. ಮೊದಲು ಹೃದಯದ ಒಂದು ಪರೀಕ್ಷೆ, ಅದು ಸರಿಯಿದ್ದರೆ ಹನ್ನೆರಡು ವಾರ ಅದೇ ಮಾತ್ರೆ, ಪ್ರತಿ ಊಟದ ಮೇಲೆ ಹತ್ತು ನಿಮಿಷ ನಡಿಗೆ, ಮಿತವಾಗಿ ಅನ್ನ ತಿನ್ನಬಹುದು, ಇನ್ಸುಲಿನ್ ಸದ್ಯಕ್ಕೆ ಬೇಡ. ನಿಧಿಗೂ ಅವತ್ತೇ ಹೇಳಿದ. “ಅಪ್ಪ, ದಟ್ಸ್ ಸೋ ಬ್ಯಾಡ್” ಎಂದಳು, ಆಮೇಲೆ ತನ್ನ ಅಮೆರಿಕದ ಕನ್ನಡದಲ್ಲಿ, “ನಾನು ಕೋಪ ಇಲ್ಲ. ಬಟ್ ಪ್ಲೀಸ್ ನಡಿ, ಅಪ್ಪ.”

ಹೃದಯ ಗಟ್ಟಿಯಾಗಿಯೇ ಇತ್ತು. ಕೂತು ಕೂತು ಅದಕ್ಕೂ ಅಭ್ಯಾಸ ತಪ್ಪಿತ್ತು, ಅಷ್ಟೆ. ಮೊದಲ ವಾರ ಅವನು ಬೀದಿ ಕೊನೆಯ ಸ್ಟಾಪ್ ಸೈನಿನ ಕಂಬದವರೆಗೆ ಹೋಗಿ ತಿರುಗಿದ. ಬಿಳಿ ತಲೆಯ ಹೆಂಗಸಿನ ಕಾರು ಒಮ್ಮೆ ಹಾದುಹೋಯಿತು, ಅವನು ಕೈ ಬೀಸಿದ, ಅವಳೂ ಬೀಸಿದಳು. ಎರಡನೆಯ ವಾರ ಮೊಣಕಾಲು ನೋಯಿತು, ಎರಡು ದಿನ ತಪ್ಪಿಸಿದ, ತಪ್ಪಿಸಿದ್ದನ್ನು ಉಷಾಳಿಗೆ ಹೇಳಿದ. ಹಾಗೆ ಹೇಳುವುದು ಸುಲಭವೆಂದು ಗೊತ್ತಾದದ್ದೇ ಅವನಿಗೆ ದೊಡ್ಡ ಆಶ್ಚರ್ಯ. ಮೇ ಮುಗಿಯುವಾಗ ಏರು ಹತ್ತಿ ಕೆರೆ ಕಂಡ. ಕೆರೆಯ ಬಾತುಗಳು ದಾರಿ ಬಿಡದೆ ಗುರಾಯಿಸಿದವು. ಸತ್ತಾರ್ ಯಾರಿಗೂ ಏನೂ ಹೇಳಿರಲಿಲ್ಲ. ರವಿಶಂಕರನಿಗೆ ಶೇಷಾದ್ರಿಯೇ ಫೋನ್ ಮಾಡಿ ಹೇಳಿದ, ರವಿಶಂಕರ್ ತನ್ನ ಟ್ರೆಡ್‌ಮಿಲ್ಲಿನ ಮೇಲೆ ಎರಡು ವರ್ಷದಿಂದ ಬಟ್ಟೆ ಒಣಗಿಸುತ್ತಿರುವುದನ್ನು ಒಪ್ಪಿಕೊಂಡ. ಜೂನಿನಲ್ಲಿ ಮಧ್ಯಾಹ್ನದ ಮಂಪರು ಹೋಯಿತು. ಬೆಳಿಗ್ಗೆ ಏಳುವಾಗ ಮೈ ತನ್ನದೇ ಅನ್ನಿಸತೊಡಗಿತು.

ಜುಲೈಯ ಫಲಿತಾಂಶ ಕ್ಲಿನಿಕ್ಕಿಗೆ ಹೋಗುವ ಹಿಂದಿನ ದಿನವೇ ಫೋನಿಗೆ ಬಂದಿತ್ತು. ಏಳು ಪಾಯಿಂಟ್ ಒಂದು. ಏಳರ ಕೆಳಗೆ ಬಂದಿಲ್ಲ, ಆದರೂ ಇನ್ಸುಲಿನ್ ಮಾತು ಇನ್ನಿಲ್ಲ ಎಂದು ಹಾಲಿಸ್ ಒಂದು ಸಾಲು ಬರೆದಿದ್ದಳು. ಉಷಾ ಆ ಸಾಲನ್ನು ಮೂರು ಸಲ ಓದಿಸಿದ್ದಳು. ಮರುದಿನ ಕ್ಲಿನಿಕ್ಕಿಗೆ ಹೋದಾಗ ಲಿಫ್ಟು ಕೆಟ್ಟಿತ್ತು. ಡಾಕ್ಟರ ಕೋಣೆ ಮೂರನೆಯ ಮಹಡಿಯಲ್ಲಿ. ಕೆರೆಯ ಬಳಿ ಬಾತೊಂದು ಸತ್ತಾರನನ್ನು ಅಟ್ಟಿಸಿಕೊಂಡು ಬಂದ ಕಥೆಯನ್ನು ಶೇಷಾದ್ರಿ ಕಾರಿನಲ್ಲೇ ಶುರುಮಾಡಿದ್ದ, ಅದನ್ನು ಮೆಟ್ಟಿಲ ಮೇಲೂ ಮುಂದುವರಿಸಿದ. ಬಾತು ಸತ್ತಾರನ ಪ್ಯಾಂಟು ಹಿಡಿದದ್ದು, ಸತ್ತಾರ್ ಉರ್ದುವಿನಲ್ಲಿ ಬೈದದ್ದು, ಬಾತು ಅದಕ್ಕೂ ಜಗ್ಗದೇ ಇದ್ದದ್ದು. ಕಥೆ ಮುಗಿಸಿ ನಗುತ್ತ ತಿರುಗಿದಾಗ ಪಕ್ಕದಲ್ಲಿ ಉಷಾ ಇರಲಿಲ್ಲ. ಮೂರನೆಯ ಮಹಡಿಯ ಬಾಗಿಲು ಎದುರಿಗಿತ್ತು. ನಡುವೆ ಒಂದು ಸಲವೂ ತಾನು ಮಾತು ನಿಲ್ಲಿಸಿರಲಿಲ್ಲವೆಂಬುದು ಅವನಿಗೆ ಆಗಷ್ಟೇ ಹೊಳೆಯಿತು. ಕೆಳಗೆ, ಅರ್ಧ ಮಹಡಿಯ ತಿರುವಿನಲ್ಲಿ, ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಖ ಕೆಂಪಾಗಿತ್ತು.

“ಹೋಗಿ... ನೀವ್ ಹೋಗಿ” ಎಂದಳು ಏದುಸಿರಿನಲ್ಲಿ. “ಬರ್ತೀನಿ. ಡಾಕ್ಟ್ರು ಕಾಯ್ತಿರ್ತಾರೆ.”

“ಕಾಯ್ಲಿ ಬಿಡು” ಎಂದು ಅವನು ಇಳಿದು ಹೋಗಿ ಅವಳ ಪಕ್ಕ ಕುಳಿತ.